ಒಳ್ಳೇ ಗಾಸ್ಪೆಲ್ ಗ್ರೂಪ್ ಅಂದ್ರೆ ಯಾವ್ದು, "ನಂಗಿಷ್ಟ" ಅನ್ನೋದು ಎಲ್ಲಿಂದ ಬರತ್ತೆ

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದಕ್ಕೆ ನನ್ನ ತಮ್ಮ ಒಂದು ಹಾಡಿನ ಲಿಂಕ್ ಕಳಿಸಿ "ಇದನ್ನ ಮೀರಿಸೋ ಗಾಸ್ಪೆಲ್ ಗ್ರೂಪ್ ಇನ್ನೂ ಹುಟ್ಟಿಲ್ಲ" ಅಂತ ಬರ್ದ. ಅದು ಫೈವ್ ಬ್ಲೈಂಡ್ ಬಾಯ್ಸ್ ಆಫ್ ಮಿಸಿಸಿಪ್ಪಿ ಹಾಡಿದ್ದು. ನಾನು ಸ್ವಾನ್ ಸಿಲ್ವರ್‌ಟೋನ್ಸ್ ಅನ್ನೋ ಇನ್ನೊಂದು ಗ್ರೂಪಿನ ಕಡೆಯವಳು, ಸುಮ್ನೆ ಬಿಡೋಕಾಗ್ಲಿಲ್ಲ, ನಾನೊಂದು ಲಿಂಕ್ ಕಳಿಸ್ದೆ, ಅವನೊಂದು ಕಳಿಸ್ದ, ಹಿಂಗೇ ಒಂದು ಗಂಟೆ ರಾತ್ರಿ ತನಕ ನಡೀತು. ಬೆಳಿಗ್ಗೆ ಎರಡೂ ಹಾಡನ್ನ ಫ್ರೆಂಡ್ಸ್ ಗ್ರೂಪಲ್ಲಿ ಹಾಕಿದ್ರೆ ಅಲ್ಲಿ ಬಂದ ಪ್ರಶ್ನೆಗಳೇ ಬೇರೆ. ಗಾಸ್ಪೆಲ್ ಅಂದ್ರೆ ಚರ್ಚ್ ಹಾಡು ತಾನೇ? ಎರಡೂ ಚೆನ್ನಾಗೇ ಇದೆಯಲ್ಲ, ಇದರಲ್ಲಿ ದೊಡ್ಡದು ಚಿಕ್ಕದು ಅಂತ ಹೆಂಗ್ ಹೇಳ್ತೀರ? ಅವರವರ ಟೇಸ್ಟ್ ಅಷ್ಟೇ ಅಲ್ವಾ?

ಈಗ ರೀಲ್ಸ್‌ನಲ್ಲಿ ಗಾಸ್ಪೆಲ್ ಕ್ಲಿಪ್ಸ್ ಬರ್ತಾನೇ ಇರತ್ತೆ, ಕೇಳ್ತೀವಿ, ಮೈ ಜುಮ್ ಅನ್ನತ್ತೆ, ಮುಂದಕ್ಕೆ ಹೋಗ್ತೀವಿ. ಆ ಜುಮ್ ಅನ್ನೋದರ ಒಳಗೆ ಏನೇನು ಕೆಲಸ ನಡೀತಿದೆ ಅಂತ ಗೊತ್ತಾದ್ರೆ ಕೇಳೋ ಖುಷಿ ಹೆಚ್ಚಾಗತ್ತೆ, ಅದಕ್ಕೆ ಇದನ್ನ ಬುಡದಿಂದ ಬರೀತಿದೀನಿ.

ಮೊದ್ಲು, ಗಾಸ್ಪೆಲ್ ಅಂದ್ರೆ ಏನು

ಗಾಸ್ಪೆಲ್ ಅನ್ನೋ ಪದಕ್ಕೆ ಕನ್ನಡದಲ್ಲಿ ಸುವಾರ್ತೆ ಅಂತಾರೆ, ಯೇಸುವಿನ ಒಳ್ಳೇ ಸುದ್ದಿ. ಆದ್ರೆ ಸಂಗೀತದಲ್ಲಿ ಗಾಸ್ಪೆಲ್ ಅಂದಾಗ ಎಲ್ಲಾ ಚರ್ಚ್ ಹಾಡೂ ಅದರೊಳಗೆ ಬರಲ್ಲ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ಮೇಲೆ ನಮ್ಮಲ್ಲಿ ಕನ್ನಡ ಕ್ರೈಸ್ತ ಗೀತೆಗಳ ಒಂದು ಪರಂಪರೆನೇ ಬೆಳೀತು, ಅವುಗಳಲ್ಲಿ ಎಷ್ಟೋ ಗೀತೆಗಳ ರಾಗ ಯುರೋಪಿಂದು, ಪುಸ್ತಕ ನೋಡ್ಕೊಂಡು ಸಭೆಯವರೆಲ್ಲ ಸೇರಿ ಹಾಡೋದು. ಅದು ಹಿಮ್. ನಾನಿಲ್ಲಿ ಹೇಳ್ತಿರೋ ಗಾಸ್ಪೆಲ್ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿದ್ದು.

ಅದಕ್ಕೂ ಹಿಂದೆ ಇದ್ದಿದ್ದು ಸ್ಪಿರಿಚುಯಲ್ಸ್, ಗುಲಾಮಗಿರಿ ಕಾಲದ ಭಕ್ತಿಗೀತೆಗಳು, ಯಾರು ಬರೆದಿದ್ದು ಅಂತ ಹೆಸರಿಲ್ಲದ ಹಾಡುಗಳು. 1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ಅನ್ನೋ ಕಾಲೇಜಿಗೆ ದುಡ್ಡಿಲ್ಲದೆ ಬಾಗಿಲು ಹಾಕೋ ಸ್ಥಿತಿ ಬಂದಾಗ ಅಲ್ಲಿನ ಒಂಬತ್ತು ವಿದ್ಯಾರ್ಥಿಗಳು ಜುಬಿಲಿ ಸಿಂಗರ್ಸ್ ಅಂತ ಊರೂರು ಸುತ್ತಿ ಹಾಡಿ ಹಣ ಕೂಡಿಸಿದ್ರು, ಆ ಹಾಡುಗಳು ಹೊರಗಿನ ಲೋಕಕ್ಕೆ ಗೊತ್ತಾಗಿದ್ದೇ ಹಂಗೆ. ಆಮೇಲೆ ದಕ್ಷಿಣದ ಹೊಲಗದ್ದೆ ಬಿಟ್ಟು ಲಕ್ಷಾಂತರ ಜನ ಶಿಕಾಗೋ, ಡೆಟ್ರಾಯ್ಟ್ ಕಡೆ ಹೋದ್ರು, ಜೊತೆಗೆ ಅವರ ಭಕ್ತಿಗೀತೆಗಳೂ ಹೋದ್ವು, ದಕ್ಷಿಣದಲ್ಲೇ ಹುಟ್ಟಿದ್ದ ಬ್ಲೂಸ್, ಅಂದ್ರೆ ದಿನದಿನದ ಬದುಕಿನ ನೋವು ಹೇಳೋ ಹಾಡು, ಅದೂ ಹೋಯ್ತು.

ಈ ಎರಡನ್ನೂ ಬೆಸೆದವರಲ್ಲಿ ದೊಡ್ಡ ಹೆಸರು ಥಾಮಸ್ ಡಾರ್ಸಿ. ಪಾದ್ರಿ ಮಗ, ಆದ್ರೆ ಜಾರ್ಜಿಯಾ ಟಾಮ್ ಅನ್ನೋ ಹೆಸರಲ್ಲಿ ಬ್ಲೂಸ್ ಪಿಯಾನೋ ನುಡಿಸ್ತಿದ್ದವರು. 1932ರಲ್ಲಿ ಅವರು ಹಾಡೋಕೆ ಅಂತ ಬೇರೆ ಊರಿಗೆ ಹೋಗಿದ್ದಾಗ ಹೆರಿಗೆಯಲ್ಲಿ ಹೆಂಡತಿ ತೀರ್ಕೊಂಡ್ರು, ಸ್ವಲ್ಪದರಲ್ಲೇ ಮಗುವೂ ಹೋಯ್ತು. ಆ ದುಃಖದಲ್ಲಿ ಬರೆದ "ನನ್ನ ಕೈ ಹಿಡಿ ಪ್ರಭುವೇ" ಅನ್ನೋ ಅರ್ಥದ ಹಾಡು ಇವತ್ತಿಗೂ ಎಷ್ಟೋ ಸಾವಿನ ಮನೆಯಲ್ಲಿ ಹಾಡ್ತಾರೆ. ಬೈಬಲ್ಲಿನ ಮಾತು, ಬ್ಲೂಸಿನ ನೋವು, ನನ್ನ ಕಥೆ ನಾನೇ ಹೇಳ್ತೀನಿ ಅನ್ನೋ ಸಾಕ್ಷಿಯ ಧಾಟಿ, ಇಷ್ಟೂ ಸೇರಿದ್ರೆ ಗಾಸ್ಪೆಲ್.

ಕ್ವಾರ್ಟೆಟ್ ಅಂದ್ರೆ ನಾಲ್ಕು ಜನ ಅಂತೇನಿಲ್ಲ

ಗಾಸ್ಪೆಲ್‌ನಲ್ಲಿ ದೊಡ್ಡ ಕ್ವಾಯರ್ ಇದೆ, ಒಬ್ಬೊಬ್ಬರೇ ಹಾಡೋರಿದ್ದಾರೆ, ಆದ್ರೆ ಗ್ರೂಪ್ ಅಂದ ತಕ್ಷಣ ಬರೋ ಪದ ಕ್ವಾರ್ಟೆಟ್. ಕ್ವಾರ್ಟೆಟ್ ಅಂದ್ರೆ ನಾಲ್ಕು ಅಂತ ಅರ್ಥ ಇದ್ರೂ ಫೋಟೋದಲ್ಲಿ ಐದೋ ಆರೋ ಜನ ಇರ್ತಾರೆ, ಯಾಕಂದ್ರೆ ಅಲ್ಲಿ ಎಣಿಸೋದು ದನಿಯ ಪದರಗಳನ್ನ. ಮೇಲೆ ಟೆನರ್, ಮುಂದೆ ಮುಖ್ಯ ದನಿಯಾದ ಲೀಡ್, ನಡುವೆ ಬ್ಯಾರಿಟೋನ್, ತಳದಲ್ಲಿ ಬೇಸ್.

ನಮ್ಮ ಕಿವಿಗೆ ಇದು ಸ್ವಲ್ಪ ಹೊಸದು. ನಮ್ಮ ಭಜನೆಯಲ್ಲಿ ಐವತ್ತು ಜನ ಹಾಡಿದ್ರೂ ಎಲ್ರೂ ಹಾಡೋದು ಒಂದೇ ಸ್ವರ. ಕ್ವಾರ್ಟೆಟ್‌ನಲ್ಲಿ ಒಂದೇ ಪದವನ್ನ ಒಂದೇ ಹೊತ್ತಲ್ಲಿ ನಾಲ್ಕು ಸ್ವರದಲ್ಲಿ ಹಾಡ್ತಾರೆ, ಇದೇ ಹಾರ್ಮನಿ. ಮನೇಲಿ ಹಾರ್ಮೋನಿಯಂ ಇದ್ರೆ, ಇಲ್ಲಾಂದ್ರೆ ಫೋನಲ್ಲಿ ಕೀಬೋರ್ಡ್ ಆ್ಯಪ್ ಇದ್ರೂ ಸಾಕು, ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ ಹಿಡೀರಿ. ಮೂರು ಸ್ವರ ಬೇರೆ ಬೇರೆ ಕೇಳೋ ಬದಲು ಒಂದು ತುಂಬಿದ ಶಬ್ದ ಬರತ್ತಲ್ಲ, ಅದನ್ನ ಬರೀ ಗಂಟಲಲ್ಲಿ, ಸ್ವರಲಿಪಿ ಇಲ್ಲದೆ, ಎಷ್ಟೋ ಸಲ ವಾದ್ಯವೇ ಇಲ್ಲದೆ ಮಾಡ್ತಿದ್ರು ಇವ್ರು.

ಹಾಡೋರು ಯಾರು? ಗಣಿ ಕೆಲಸದವರು, ಕಾರ್ಖಾನೆ ಕಾರ್ಮಿಕರು, ಶಾಲಾ ಹುಡುಗರು. ಸ್ವಾನ್ ಸಿಲ್ವರ್‌ಟೋನ್ಸ್ ಕಟ್ಟಿದ ಕ್ಲಾಡ್ ಜೀಟರ್ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡ್ತಿದ್ದವ್ರು, 1938ರಲ್ಲಿ ಗ್ರೂಪ್ ಶುರು ಮಾಡಿದ್ರು, ಆಮೇಲೆ ರೇಡಿಯೋದಲ್ಲಿ ಸ್ಪಾನ್ಸರ್ ಮಾಡಿದ ಬೇಕರಿ ಹೆಸರಿಂದ ಸ್ವಾನ್ ಅನ್ನೋದು ಸೇರ್ಕೊಳ್ತು. ಫೈವ್ ಬ್ಲೈಂಡ್ ಬಾಯ್ಸ್ ಮಿಸಿಸಿಪ್ಪಿಯ ಪೈನಿ ವುಡ್ಸ್ ಶಾಲೆಯಲ್ಲಿ ಓದ್ತಿದ್ದ ಕಣ್ಣು ಕಾಣದ ಹುಡುಗರು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಗಣಿ, ಉಕ್ಕಿನ ಕಾರ್ಖಾನೆ ಇರೋ ಕಡೆಯಂತೂ ಕ್ವಾರ್ಟೆಟ್‌ಗಳಿಗೆ ಟ್ರೇನಿಂಗ್ ಕೊಡೋಕೆ ಅಂತಾನೇ ಮೇಷ್ಟ್ರುಗಳಿದ್ರು, ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಕಲಿಸ್ತಿದ್ರು.

ಹಿಂದಿನ ಸಾಲು: ದೊಡ್ಡತನ ಇರೋದು ಇಲ್ಲಿ

ಹೊಸದಾಗಿ ಕೇಳೋರೆಲ್ಲ ಕಿವಿ ಕೊಡೋದು ಮುಂದೆ ನಿಂತು ಹಾಡೋ ಲೀಡ್‌ಗೆ. ನಾನೂ ವರ್ಷಗಟ್ಲೆ ಹಂಗೇ ಕೇಳಿದ್ದು. ಆದ್ರೆ ಒಂದು ಗ್ರೂಪ್ ಗ್ರೂಪಾಗಿ ಎಷ್ಟು ಗಟ್ಟಿ ಅಂತ ಗೊತ್ತಾಗೋದು ಹಿಂದಿನ ಸಾಲಿಂದ, ಲೀಡ್‌ನ ದನಿ ಮಟ್ಟಿಗೆ ನಮ್ಮ ಇಷ್ಟಾನಿಷ್ಟ ಜಾಸ್ತಿ ಕೆಲಸ ಮಾಡತ್ತೆ. ಈ ಎರಡನ್ನ ಬೇರೆ ಮಾಡಿ ನೋಡಿದ್ರೆ ನಂದು ನನ್ನ ತಮ್ಮಂದು ಜಗಳದಲ್ಲಿ ಅರ್ಧ ಅಲ್ಲೇ ಮುಗಿಯತ್ತೆ.

ಹಿಂದಿನ ಸಾಲಲ್ಲಿ ಮೊದಲು ನೋಡ್ಬೇಕಾದ್ದು ಬ್ಲೆಂಡ್, ಅಂದ್ರೆ ದನಿಗಳು ಬೆರೆಯೋದು. ತಂಬೂರಿ ಶ್ರುತಿ ಮಾಡೋದು ನೋಡಿದವ್ರಿಗೆ ಇದು ಬೇಗ ಅರ್ಥ ಆಗತ್ತೆ. ನಾಲ್ಕು ತಂತಿನೂ ಸರಿಯಾಗಿ ಕೂತ ಕ್ಷಣದಲ್ಲಿ ತಂತಿಗಳ ಲೆಕ್ಕ ಮರೆತುಹೋಗಿ ಒಂದು ಗುಂಯ್ ಅನ್ನೋ ನಾದ ಕೋಣೆ ತುಂಬ್ಕೊಳತ್ತೆ, ಒಂದು ತಂತಿ ಕೂದಲೆಳೆಯಷ್ಟು ಸರಿದ್ರೂ ಆ ನಾದ ಒಡೀತು. ದನಿಗಳಲ್ಲೂ ಹಂಗೇನೇ, ಆದ್ರೆ ಶ್ರುತಿ ಒಂದಿದ್ರೆ ಸಾಲಲ್ಲ, ಸ್ವರಾಕ್ಷರದ ಆಕಾರನೂ ಒಂದೇ ಇರ್ಬೇಕು. ಒಬ್ರು "ಆ" ಅನ್ನೋದನ್ನ ಬಾಯಗಲಿಸಿ ಹೇಳಿ ಪಕ್ಕದವ್ರು ಸ್ವಲ್ಪ "ಓ" ಕಡೆ ವಾಲಿಸಿದ್ರೆ ಶ್ರುತಿ ಸರಿ ಇದ್ರೂ ಕಿವಿಗೆ ಇಬ್ರು ಬೇರೆ ಬೇರೆ ಕೇಳಿಸ್ತಾರೆ. ಪದ ಮುಗಿಸೋ ಜಾಗ, ಉಸಿರು ತಗೊಳೋ ಜಾಗ, ಎಲ್ಲಾ ಒಂದೇ ಸಲ ಆಗ್ಬೇಕು, ಒಬ್ಬರ ಉಸಿರಾಟ ತಪ್ಪಿದ್ರೂ ಮೈಕಿನಲ್ಲಿ ಸಿಕ್ಕಿಬೀಳತ್ತೆ.

ಎರಡನೇದು ಬೇಸ್. ವಾದ್ಯ ಇಲ್ಲದ ಕಾಲದಲ್ಲಿ ತಾಳನೂ ಇವರದ್ದೇ, ತಳಪಾಯನೂ ಇವರದ್ದೇ. ಡಿಕ್ಸಿ ಹಮ್ಮಿಂಗ್‌ಬರ್ಡ್ಸ್‌ನ ವಿಲಿಯಂ ಬೋಬೋ ಅವರನ್ನ ಕೇಳಿ, ಡೋಲಿನ ಎಡಬದಿಗೆ ಬೀಳೋ ಪೆಟ್ಟಿನ ಥರ ದನಿ ಬರತ್ತೆ, ಅದರ ಮೇಲೆ ಲೀಡ್ ಹಾಡೋ ಐರಾ ಟಕ್ಕರ್ ಏನು ಬೇಕಾದ್ರೂ ಮಾಡ್ಬೋದು ಅನ್ನೋ ಧೈರ್ಯ ಕೊಡತ್ತೆ. ಈ ಗ್ರೂಪ್ 1928ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಶುರುವಾಯ್ತು, ಟಕ್ಕರ್ 13ನೇ ವಯಸ್ಸಿಗೆ ಸೇರಿ 2008ರಲ್ಲಿ ಸಾಯೋ ತನಕ ಅದರಲ್ಲೇ ಇದ್ರು.

ಮೂರನೇದಕ್ಕೆ ಕನ್ನಡದಲ್ಲಿ ಒಳ್ಳೇ ಪದ ಇದೆ, ಸಂಯಮ. ಲೀಡ್ ಉಕ್ಕಿ ಹರೀತಿರೋವಾಗ ಹಿಂದಿನವ್ರು ಒಂದೇ ಚಿಕ್ಕ ಸಾಲನ್ನ ಅದೇ ಅಳತೆಯಲ್ಲಿ, ಅದೇ ಜೋರಲ್ಲಿ ಮತ್ತೆ ಮತ್ತೆ ಹಾಡ್ತಿರ್ಬೇಕು, ತಾವೂ ಮಿಂಚ್ಬೇಕು ಅನ್ನೋ ಆಸೆ ಬಂದ್ರೆ ಕೆಟ್ಟಿತು. ಸೋಲ್ ಸ್ಟಿರರ್ಸ್ ಅನ್ನೋ ಗ್ರೂಪ್ 1926ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ್ದು. ಅದರಲ್ಲಿ ಆರ್. ಎಚ್. ಹ್ಯಾರಿಸ್ ಹೋಗಿ ಸ್ಯಾಮ್ ಕುಕ್ ಬಂದ್ರು, ಸ್ಯಾಮ್ ಕುಕ್ ಹೋಗಿ ಜಾನಿ ಟೇಲರ್ ಬಂದ್ರು, ಮೂರೂ ಬೇರೆ ಬೇರೆ ಥರದ ದನಿ. ಹ್ಯಾರಿಸ್ ಹೋಗಿ ಕುಕ್ ಬಂದಾಗ ಗ್ರೂಪಿನ ಗುರುತು ಅಳಿಸಿಹೋಗ್ಲಿಲ್ಲ ಅಂದ್ರೆ ಹಿಂದೆ ನಿಂತ ಎಸ್. ಆರ್. ಕ್ರೇನ್, ಬೇಸ್ ಹಾಡೋ ಜೆಸ್ಸಿ ಫಾರ್ಲಿ ಥರದವ್ರು ಕಾರಣ. ಇವರ ಹೆಸರು ಯಾವ ಪೋಸ್ಟರಲ್ಲೂ ದೊಡ್ಡದಾಗಿ ಕಾಣಲ್ಲ, ಇದು ನಂಗೆ ಯಾವಾಗ್ಲೂ ಬೇಜಾರು.

ಇಬ್ಬರು ಲೀಡ್ ಬಂದಿದ್ದು ಯಾಕೆ

ಮೊದಮೊದ್ಲು ಒಬ್ರು ಲೀಡ್, ಮೂರು ಜನ ಹಾರ್ಮನಿ. ಲೀಡ್ ಸ್ವಲ್ಪ ಆಕಡೆ ಈಕಡೆ ಮನಸ್ಸಿಗೆ ಬಂದ ಹಾಗೆ ಹಾಡೋಕೆ ಹೋದ್ರೆ ನಾಲ್ಕರಲ್ಲಿ ಒಂದು ಪದರ ಖಾಲಿ. ಹ್ಯಾರಿಸ್ ಕಾಲದ ಸೋಲ್ ಸ್ಟಿರರ್ಸ್ ಇದಕ್ಕೆ ದಾರಿ ಮಾಡಿದ್ರು, ಇನ್ನೊಬ್ಬ ಲೀಡ್‌ನ ಸೇರಿಸ್ಕೊಂಡ್ರು. ಈಗ ಒಬ್ರು ಮುಂದೆ ಹೋದ್ರೂ ಹಿಂದೆ ನಾಲ್ಕು ಪದರ ಪೂರ್ತಿ ಇರತ್ತೆ, ಒಬ್ರು ದಣಿದಾಗ ಇನ್ನೊಬ್ರು ಹಾಡನ್ನ ಕೈಗೆ ತಗೋತಾರೆ. ಇದಕ್ಕೆ ಸ್ವಿಂಗ್ ಲೀಡ್ ಅಂತಾರೆ. ಯಕ್ಷಗಾನದಲ್ಲಿ ಇಬ್ಬರು ಭಾಗವತರ ದ್ವಂದ್ವ ಕೇಳಿದವ್ರಿಗೆ ಈ ರುಚಿ ಗೊತ್ತು, ಒಬ್ರು ಬಿಟ್ಟ ಎಳೆಯನ್ನ ಇನ್ನೊಬ್ರು ಹಿಡಿಯೋವಾಗ ಸಭೆಯಲ್ಲಿ ಒಂದು ಹುರುಪು ಏಳತ್ತಲ್ಲ, ಅದೇ.

ಒಳ್ಳೇ ಗ್ರೂಪುಗಳು ಈ ಇಬ್ಬರನ್ನ ಒಂದೇ ಥರದವ್ರಾಗದ ಹಾಗೆ ಆರಿಸ್ತಿದ್ರು. ಒಬ್ರು ಸ್ವೀಟ್, ಅಂದ್ರೆ ನಯವಾಗಿ, ರಾಗ ಎಳೆದು, ಕೆಲವೊಮ್ಮೆ ಫಾಲ್ಸೆಟ್ಟೋಗೆ, ಅಂದ್ರೆ ಮಾಮೂಲು ದನಿಗಿಂತ ಮೇಲಿನ ತೆಳು ದನಿಗೆ, ಹೋಗಿ ಹಾಡೋರು, ನಮ್ಮ ಸಂಗೀತದವ್ರು ಕಳ್ಳಧ್ವನಿ ಅಂತಾರಲ್ಲ, ಅದು ಇಲ್ಲಿ ದೊಡ್ಡ ವಿದ್ಯೆ. ಇನ್ನೊಬ್ರು ಹಾರ್ಡ್, ಗಂಟಲು ಒರಟು ಮಾಡ್ಕೊಂಡು, ಪಾದ್ರಿ ಪ್ರವಚನದ ಥರ ಕೂಗಿ ಹಾಡೋರು. ಸೋಲ್ ಸ್ಟಿರರ್ಸ್‌ನಲ್ಲಿ ಕುಕ್ ಸ್ವೀಟ್, ಪಾಲ್ ಫಾಸ್ಟರ್ ಹಾರ್ಡ್. 1955ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಶ್ರೈನ್ ಆಡಿಟೋರಿಯಂನಲ್ಲಿ ನಡೆದ ಕಾರ್ಯಕ್ರಮದ ರೆಕಾರ್ಡಿಂಗ್ ಸಿಗತ್ತೆ, ಅದರಲ್ಲಿ ಇವರಿಬ್ಬರು ಎಂಟು ನಿಮಿಷಕ್ಕೂ ಜಾಸ್ತಿ ಒಂದೇ ಹಾಡನ್ನ ಬೆಳೆಸ್ಕೊಂಡು ಹೋಗ್ತಾರೆ. ಶುರುವಲ್ಲಿ ಕುಕ್ ದನಿ ಸ್ಟುಡಿಯೋದಲ್ಲಿದ್ದ ಹಾಗೇ ತಣ್ಣಗಿದೆ. ಹೋಗ್ತಾ ಹೋಗ್ತಾ ಫಾಸ್ಟರ್ ಒರಟು ದನಿಯಲ್ಲಿ ನೂಕ್ತಾರೆ, ಕುಕ್ ಒಂದು ಹೆಜ್ಜೆ ಮೇಲೆ ಹೋಗ್ತಾರೆ, ಜನ ಕೂಗೋದು ಕೇಳತ್ತೆ, ಕೊನೆಕೊನೆಗೆ ಆ ನಯವಾದ ದನಿಯ ಅಂಚು ಕೂಡ ಹರೀತಾ ಬರತ್ತೆ. ಅದೇ ಕುಕ್‌ನ ಸ್ಟುಡಿಯೋ ರೆಕಾರ್ಡ್ ಮಾತ್ರ ಕೇಳಿದವ್ರಿಗೆ ಇವ್ರು ಬೇರೆ ಮನುಷ್ಯನಾ ಅನ್ನಿಸತ್ತೆ.

ಡ್ರೈವ್ ಮತ್ತೆ "ಮನೆ ಕೆಡವೋದು"

ಗಾಸ್ಪೆಲ್ ಹಾಡಲ್ಲಿ ಒಂದು ಘಟ್ಟ ಬರತ್ತೆ, ಸಾಹಿತ್ಯ ಮುಗ್ದಿದೆ, ಸ್ವರಗಳ ಓಡಾಟ ನಿಂತಿದೆ, ಹಿಂದಿನವ್ರು ಎರಡು ಮೂರು ಪದಗಳನ್ನೇ ಹಿಡ್ಕೊಂಡು ಬಿಡದೆ ಹೇಳ್ತಿದ್ದಾರೆ, ಬೇಸ್ ಗುದ್ದುತ್ತಿದೆ, ಲೀಡ್ ಅದರ ಮೇಲೆ ತನ್ನ ಅಮ್ಮನ್ನ, ತನ್ನ ಕಷ್ಟಾನ, ತನ್ನ ದೇವರನ್ನ ಆ ಕ್ಷಣಕ್ಕೆ ಬಂದ ಮಾತಲ್ಲೇ ಕೂಗಿ ಕರೀತಿದ್ದಾರೆ. ಇದಕ್ಕೆ ಡ್ರೈವ್ ಅಂತಾರೆ. ಭಜನೆ ಕೊನೆಗೆ "ವಿಠಲ ವಿಠಲ" ಅಂತ ತಾಳ ಏರ್ತಾ ಏರ್ತಾ ಹೋಗಿ ಹಾಡು ಅನ್ನೋದು ಕರಗಿ ಬರೀ ಹೆಸರು ಉಳಿಯತ್ತಲ್ಲ, ಅದನ್ನ ನೆನಪು ಮಾಡ್ಕೊಳಿ.

ಇದರಿಂದ ಇಡೀ ಸಭೆ ಎದ್ದು, ಅತ್ತು, ಕೆಲವರು ಪ್ರಜ್ಞೆ ತಪ್ಪಿ ಬೀಳೋ ಮಟ್ಟಕ್ಕೆ ಹೋದ್ರೆ "ಮನೆ ಕೆಡವಿದ್ರು" ಅಂತಾರೆ ಅವರ ಭಾಷೇಲಿ. ಅಂಥವ್ರನ್ನ ನೋಡ್ಕೊಳೋಕೆ ಬಿಳಿ ಬಟ್ಟೆ ಹಾಕಿದ ನರ್ಸುಗಳು ಚರ್ಚಲ್ಲೇ ನಿಂತಿರ್ತಿದ್ರು. ಫೈವ್ ಬ್ಲೈಂಡ್ ಬಾಯ್ಸ್‌ನ ಆರ್ಚಿ ಬ್ರೌನ್ಲಿ ಈ ಕೆಲಸದಲ್ಲಿ ಎತ್ತಿದ ಕೈ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಎಲ್ಲಾ ಕ್ರೈಸ್ತರ ಮನೆಯಲ್ಲೂ ಹೇಳೋ ಪ್ರಾರ್ಥನೆಯನ್ನ ಅವ್ರು 1950ರಲ್ಲಿ ಹಾಡಿದ ರೀತಿ ಕೇಳ್ಬೇಕು, ಮಧ್ಯೆ ಬರೋ ಆ ಚೀತ್ಕಾರ, ಅದು ಶ್ರುತಿಯಲ್ಲೇ ಇರೋ ಚೀತ್ಕಾರ. ಬ್ರೌನ್ಲಿ 1960ರಲ್ಲೇ ತೀರ್ಕೊಂಡ್ರು. ಈ ಥರ ಪೈಪೋಟಿ ಇಡೋದೂ ಮಾಮೂಲಾಗಿತ್ತು, 1948ರಲ್ಲಿ ನ್ಯೂಜೆರ್ಸಿಯ ನೂಅರ್ಕ್‌ನಲ್ಲಿ ಕಣ್ಣು ಕಾಣದವರ ಎರಡು ಗ್ರೂಪನ್ನ ಎದುರುಬದುರು ನಿಲ್ಲಿಸಿದ್ರು, ಮಿಸಿಸಿಪ್ಪಿಯ ಬ್ಲೈಂಡ್ ಬಾಯ್ಸ್, ಅಲಬಾಮಾದ ಬ್ಲೈಂಡ್ ಬಾಯ್ಸ್ ಅನ್ನೋ ಹೆಸರು ಗಟ್ಟಿಯಾಗಿದ್ದೇ ಅಲ್ಲಿಂದ.

ಆದ್ರೆ ಕೂಗಿದ್ದೆಲ್ಲ ಡ್ರೈವ್ ಆಗಲ್ಲ. ಎಲ್ಲಿಂದ ಏರೋಕೆ ಶುರು ಮಾಡ್ಬೇಕು, ಎಲ್ಲಿ ತಡೀಬೇಕು ಅನ್ನೋ ಲೆಕ್ಕ ಬೇಕು. ಮೊದಲ ನಿಮಿಷದಲ್ಲೇ ಎಲ್ಲಾ ಸುರಿದುಬಿಟ್ರೆ ಕೊನೆಗೆ ಹೋಗೋಕೆ ಜಾಗ ಇರಲ್ಲ.

ಹೆಂಗಸರ ಗ್ರೂಪುಗಳು

ಮೇಲೆ ಹೇಳಿದ್ದೆಲ್ಲ ಗಂಡಸರ ಕ್ವಾರ್ಟೆಟ್ ಅಳತೆ. ಹೆಂಗಸರ ಗ್ರೂಪುಗಳಲ್ಲಿ ಸಾಮಾನ್ಯವಾಗಿ ಗಂಡಸರ ಥರದ ಬೇಸ್ ಇರಲ್ಲ, ಆ ಕೆಲಸವನ್ನ ಪಿಯಾನೋ ಮಾಡತ್ತೆ. ಶಿಕಾಗೋದ ಕ್ಯಾರವಾನ್ಸ್ ಅನ್ನೋ ಗ್ರೂಪ್ ಕಟ್ಟಿದ ಆಲ್ಬರ್ಟಿನಾ ವಾಕರ್ ಅವರದ್ದು ದೊಡ್ಡ ಮನಸ್ಸು, ತಾವೇ ಚೆನ್ನಾಗಿ ಹಾಡ್ತಿದ್ರೂ ಮೈಕನ್ನ ಬೇರೆಯವ್ರಿಗೆ ಬಿಟ್ಟುಕೊಡ್ತಿದ್ರು. ಶರ್ಲಿ ಸೀಸರ್, ಐನೆಜ್ ಆ್ಯಂಡ್ರ್ಯೂಸ್, ಬೆಸ್ಸಿ ಗ್ರಿಫಿನ್, ಎಲ್ಲಾ ಆ ಗ್ರೂಪಿಂದ ಹೊರಗೆ ಬಂದು ದೊಡ್ಡ ಹೆಸರು ಮಾಡಿದ್ರು. ಇಷ್ಟು ಜನ ಲೀಡ್‌ಗಳು ಒಂದೇ ಮನೆಯಲ್ಲಿ ಬೆಳೆಯೋದು ಸಣ್ಣ ಮಾತಲ್ಲ.

ಹಂಗಾದ್ರೆ ಇಷ್ಟ ಅನ್ನೋದು ಏನು

ಬ್ಲೆಂಡ್, ಬೇಸ್, ಲೀಡ್ ಕೈ ಬದಲಾಯಿಸೋದು, ಏರಿಕೆಯ ಲೆಕ್ಕ. ಇವನ್ನೆಲ್ಲ ಕಿವಿಯಲ್ಲಿ ಪರೀಕ್ಷೆ ಮಾಡ್ಬೋದು, ನಿಮಗೆ ಆ ಗ್ರೂಪ್ ಇಷ್ಟ ಇಲ್ದಿದ್ರೂ "ಹೌದು, ಇವ್ರ ಕೆಲಸ ಗಟ್ಟಿ" ಅಂತ ಒಪ್ಪೋಕಾಗತ್ತೆ. ಇಷ್ಟ ಅನ್ನೋದು ಬೇರೆ ಕಡೆಯಿಂದ ಬರತ್ತೆ.

ಮೊದಲನೇದು ಬೆಳೆದ ಜಾಗ. ಜೋರಾಗಿ ಕೂಗಿ, ಕುಣಿದು ಆರಾಧನೆ ಮಾಡೋ ಚರ್ಚಲ್ಲಿ ಬೆಳೆದವ್ರಿಗೆ ಬ್ರೌನ್ಲಿಯ ಕೂಗು ಮನೆಯ ಭಾಷೆ, ಮೆಲ್ಲಗೆ ಹಿಮ್ ಹಾಡೋ ಚರ್ಚಿಂದ ಬಂದವ್ರಿಗೆ ಅದೇ ಕೂಗು ಅತಿಯಾಯ್ತು ಅನ್ನಿಸ್ಬೋದು. ನಮ್ಮ ವಿಷ್ಯದಲ್ಲೂ ಅಷ್ಟೇ, ನಾನು ಚಿಕ್ಕಂದಿನಿಂದ ಅಜ್ಜಿ ಮೆಲುದನಿಯಲ್ಲಿ ಹಾಡೋ ದೇವರನಾಮ ಕೇಳ್ಕೊಂಡು ಬೆಳೆದವಳು, ತಮ್ಮ ಡೊಳ್ಳು ಕುಣಿತದ ಹಿಂದೆ ಓಡ್ತಿದ್ದವನು, ಅವನಿಗೆ ಬ್ರೌನ್ಲಿ ನಂಗೆ ಜೀಟರ್ ಅನ್ನೋದರಲ್ಲಿ ಅಂಥ ಆಶ್ಚರ್ಯ ಏನಿಲ್ಲ.

ಇನ್ನೊಂದು, ಎಲ್ಲಿ ಕೇಳ್ತಿದೀವಿ ಅನ್ನೋದು. ರೆಕಾರ್ಡಲ್ಲಿ ಮೂರು ನಿಮಿಷಕ್ಕೆ ಕತ್ತರಿಸಿದ ಹಾಡಿಗೂ ಸಭೆಯಲ್ಲಿ ಹತ್ತು ನಿಮಿಷ ಬೆಳೆದ ಹಾಡಿಗೂ ಸಂಬಂಧಾನೇ ಇಲ್ಲ ಅನ್ನೋಷ್ಟು ವ್ಯತ್ಯಾಸ ಇರತ್ತೆ. ಹೆಡ್‌ಫೋನಲ್ಲಿ ಸ್ವೀಟ್ ದನಿ ಗೆಲ್ಲತ್ತೆ, ತುಂಬಿದ ಹಾಲಲ್ಲಿ ಹಾರ್ಡ್ ದನಿ ಗೆಲ್ಲತ್ತೆ.

ಆಮೇಲೆ ನಂಬಿಕೆ. ಹಾಡೋರು ಹೇಳ್ತಿರೋದನ್ನ ನಿಜವಾಗ್ಲೂ ನಂಬಿದಾರೆ ಅಂತ ಕೇಳೋರಿಗೆ ಅನ್ನಿಸ್ಬೇಕು, ಗಾಸ್ಪೆಲ್ ಕೇಳೋರು ಇದನ್ನ ಹಾಡುಗಾರಿಕೆಗಿಂತ ಮೇಲೆ ಇಡ್ತಾರೆ. ಅದಕ್ಕೇ ಸ್ಯಾಮ್ ಕುಕ್ ಮೊದಲ ಸಲ ಪ್ರೇಮಗೀತೆ ಹಾಡಿದಾಗ ಡೇಲ್ ಕುಕ್ ಅಂತ ಹೆಸರು ಬದಲಾಯಿಸಿ ಬಿಡುಗಡೆ ಮಾಡಿದ್ದು. 1957ರಲ್ಲಿ ಸ್ವಂತ ಹೆಸರಲ್ಲೇ ಪಾಪ್‌ಗೆ ಹೋದಾಗ ಎಷ್ಟೋ ಗಾಸ್ಪೆಲ್ ಅಭಿಮಾನಿಗಳಿಗೆ ಮನಸ್ಸು ಮುರೀತು. ದನಿ ಅದೇ, ಉಸಿರು ಅದೇ, ಅಳತೆಗೋಲಲ್ಲಿ ಒಂದು ಕೂದಲೂ ಕಮ್ಮಿ ಆಗಿರ್ಲಿಲ್ಲ.

ಇನ್ನು ಕೆಲವು ಗ್ರೂಪ್ ಅಳತೆಗೇ ಸಿಗಲ್ಲ. ಸ್ಟೇಪಲ್ ಸಿಂಗರ್ಸ್ ಒಂದು ಮನೆಯವ್ರು, ಅಪ್ಪ ಮಕ್ಕಳು. ನಾಲ್ಕು ಪದರದ ಕ್ವಾರ್ಟೆಟ್ ಲೆಕ್ಕ ಹಿಡಿದು ಹೋದ್ರೆ ಅವರ ಹಾರ್ಮನಿ ತೆಳು. ಆದ್ರೆ ಅಪ್ಪ ಪಾಪ್ಸ್ ಸ್ಟೇಪಲ್ಸ್ ಮಿಸಿಸಿಪ್ಪಿಯ ಹತ್ತಿ ಹೊಲದ ಕಡೆಯಿಂದ ತಂದ ಬ್ಲೂಸ್ ಗಿಟಾರು, ನೀರಲ್ಲಿ ಅಲೆ ಎದ್ದ ಹಾಗೆ ನಡುಗೋ ಅದರ ನಾದ, ಅದರ ಮೇಲೆ ಮಗಳು ಮೇವಿಸ್‌ಳ ಆಳವಾದ ದನಿ. 1956ರಲ್ಲಿ ಅವರ ರೆಕಾರ್ಡ್ ಬಂದಾಗ ಅಷ್ಟು ತಗ್ಗಿನ ದನಿ ಹದಿಹರೆಯದ ಹುಡುಗಿಯದ್ದು ಅಂತ ಜನ ನಂಬ್ಲೇ ಇಲ್ಲ. ನಾನಂತೂ ಅವರ ಮುಂದೆ ಅಳತೆಗೋಲು ತೆಗೆಯಲ್ಲ.

ಒಂದು ಹಾಡನ್ನ ಹತ್ತಿರದಿಂದ ಕೇಳೋದು

ಸ್ವಾನ್ ಸಿಲ್ವರ್‌ಟೋನ್ಸ್ 1959ರಲ್ಲಿ ಹಾಡಿದ "ಮೇರಿ ಡೋಂಟ್ ಯು ವೀಪ್" ತಗೊಳಿ. ಹಳೇ ಸ್ಪಿರಿಚುಯಲ್ ಅದು. ತಮ್ಮ ಲಾಜರ ಸತ್ತನಲ್ಲ ಅಂತ ಅಳೋ ಬೇಥಾನ್ಯದ ಮರಿಯಳಿಗೆ ಅಳಬೇಡ ಅನ್ನೋದು, ಫರೋಹನ ಸೈನ್ಯ ಸಮುದ್ರದಲ್ಲಿ ಮುಳುಗಿಹೋಯ್ತು ಅಂತ ನೆನಪು ಮಾಡಿಕೊಡೋದು.

ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಹಿಂದಿನ ಸಾಲಿಗೆ ಮಾತ್ರ ಕಿವಿ ಕೊಡಿ, ಅವ್ರು ಆ ಹೆಸರನ್ನೇ ಮತ್ತೆ ಮತ್ತೆ ಕರೀತಾರೆ, ಪಕ್ಕದ ಕೋಣೆಯಲ್ಲಿ ಅಳ್ತಿರೋ ಅಕ್ಕನ್ನ ಸಮಾಧಾನ ಮಾಡೋಕೆ ಕರೆದ ಹಾಗೆ, ಎಲ್ಲೂ ಜೋರು ಮಾಡಲ್ಲ. ಮೂರನೇ ಸಲ ಜೀಟರ್‌ನ ಕೇಳಿ. ಆ ಕಳ್ಳಧ್ವನಿ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ, ಮಾಮೂಲು ದನಿಯಿಂದ ಅಲ್ಲಿಗೆ ಹತ್ತೋ ಮೆಟ್ಟಿಲೇ ಕಾಣಲ್ಲ. ನೀನು ನಂಬಿದ್ರೆ ಆಳದ ನೀರಿಗೆ ನಾನು ಸೇತುವೆ ಆಗ್ತೀನಿ ಅನ್ನೋ ಅರ್ಥದ ಒಂದು ಮಾತು ಅವ್ರು ಹಾಡಿನ ಮಧ್ಯೆ ಸೇರಿಸಿದ್ರು. ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅದನ್ನ ಕೇಳಿದ್ದರಿಂದಲೇ 1970ರಲ್ಲಿ ಜಗತ್ತೆಲ್ಲ ಹಾಡಿದ "ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್" ಅನ್ನೋ ಸೇತುವೆಯ ಹಾಡು ಹುಟ್ಟಿತು.

ನನ್ನ ತಮ್ಮ ಈಗ್ಲೂ ಬ್ರೌನ್ಲಿ ಅಂತಾನೇ ಹೇಳ್ತಾನೆ. ಆದ್ರೆ ಹೋದ ಭಾನುವಾರ ಅವನ ಮೆಸೇಜ್ ಬಂತು, ಸ್ವಾನ್ ಸಿಲ್ವರ್‌ಟೋನ್ಸ್ ಹಿಂದಿನ ಸಾಲಲ್ಲಿ ಬ್ಯಾರಿಟೋನ್ ಯಾವ್ದು ಅಂತ ಬೇರೆ ಮಾಡಿ ಹಿಡಿಯೋಕೆ ಬೆಳಿಗ್ಗೆಯಿಂದ ಟ್ರೈ ಮಾಡ್ತಿದೀನಿ, ಸಿಗ್ತಾನೇ ಇಲ್ಲ ಅಂತ.